ನೆಲ ಮುಟ್ಟುವ ವಿದ್ಯೆ

ಜಿಮ್ನಾಸ್ಟಿಕ್ಸ್ ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಗಾಳಿಯಲ್ಲಿ ಸುತ್ತುವ ಒಂದು ಪುಟ್ಟ ದೇಹ. ನೋಡುವವರ ಬೆರಗೆಲ್ಲ ಆ ಹಾರಾಟದಲ್ಲಿಯೇ ಮುಗಿದುಹೋಗುತ್ತದೆ. ಕಲಿಸುವವರ ಚಿಂತೆ ಅಲ್ಲಿಂದ ಮುಂದಿನದು: ಹಾರಿದ ಹುಡುಗಿ ನೆಲಕ್ಕೆ ಹೇಗೆ ಬರುತ್ತಾಳೆ?

ತ್ರಿಪುರದ ಅಗರ್ತಲಾದಲ್ಲಿ 1993ರಲ್ಲಿ ಹುಟ್ಟಿದ ದೀಪಾ ಕರ್ಮಾಕರ್ ಸುಮಾರು ಆರನೆಯ ವಯಸ್ಸಿಗೆ ಅಭ್ಯಾಸಕ್ಕೆ ಬಂದಾಗ ಅವರ ಪಾದಗಳು ಚಪ್ಪಟೆಯಾಗಿದ್ದವು. ಇದು ಸಣ್ಣ ಕೊರತೆಯಲ್ಲ. ಓಟದ ಕೊನೆಗೆ ಚಿಮ್ಮುವುದಕ್ಕೂ ಇಳಿಯುವಾಗ ಪೆಟ್ಟನ್ನು ಹೀರಿಕೊಳ್ಳುವುದಕ್ಕೂ ಅಂಗಾಲಿನ ಕಮಾನೇ ಆಧಾರ. ಆ ಪಾದಗಳನ್ನು ತಿದ್ದುವುದೇ ಅವರ ಬಾಲ್ಯದ ಶಿಕ್ಷಣದಲ್ಲಿ ದೊಡ್ಡ ಕೆಲಸವಾಯಿತು. ಲಾಗ ಹಾಕುವುದನ್ನು ನೋಡಲು ಜನ ಸೇರುತ್ತಾರೆ. ಪಾದದ ವ್ಯಾಯಾಮವನ್ನು ನೋಡಲು ಯಾರೂ ಬರುವುದಿಲ್ಲ.

ಕಠಿಣವಾದ ಯಾವ ವರಸೆಯನ್ನೂ ಹುಡುಗಿಯರಿಗೆ ಇಡಿಯಾಗಿ ಕಲಿಸುವುದಿಲ್ಲ. ವಾಲ್ಟನ್ನೇ ತೆಗೆದುಕೊಳ್ಳಿ. ಓಟ ಬೇರೆ, ಚಿಮ್ಮುಹಲಗೆಯ ಮೇಲಿನ ನೆಗೆತ ಬೇರೆ, 125 ಸೆಂಟಿಮೀಟರ್ ಎತ್ತರದ ಮೇಜನ್ನು ಅಂಗೈಯಿಂದ ತಳ್ಳುವುದು ಬೇರೆ. ಒಂದೊಂದನ್ನೂ ಸ್ಪಂಜು ತುಂಬಿದ ಗುಂಡಿಯ ಮೇಲೆ, ದಪ್ಪ ಹಾಸಿನ ಮೇಲೆ ನೂರಾರು ಸಲ ಮಾಡಿಸಿದ ಮೇಲೆಯೇ ಜೋಡಿಸುವುದು. ಜೊತೆಗೆ ದಿನವೂ ಬಸ್ಕಿ, ಕೋಲಿಗೆ ಜೋತುಬಿದ್ದು ಕಾಲೆತ್ತುವುದು, ಕೈಗಳ ಮೇಲೆ ತಲೆಕೆಳಗಾಗಿ ನಿಲ್ಲುವುದು, ತಗ್ಗಾದ ಪೆಟ್ಟಿಗೆಯಿಂದ ಧುಮುಕಿ ಮೊಣಕಾಲು ಬಾಗಿಸಿ ಸದ್ದಿಲ್ಲದೆ ನಿಲ್ಲುವುದು. ಬಸ್ಕಿಯ ಬೆಲೆ ನಮ್ಮ ಗರಡಿಯವರಿಗೂ ಗೊತ್ತಿತ್ತೆನ್ನಿ.

ಇಷ್ಟು ತಾಳ್ಮೆ ಏಕೆಂದರೆ, ಬೆಳೆಯುವ ಮಗುವಿನ ಮೂಳೆಯ ತುದಿಯಲ್ಲಿ ಇನ್ನೂ ಗಟ್ಟಿಯಾಗದ ಒಂದು ಪದರವಿರುತ್ತದೆ. ಮೂಳೆ ಉದ್ದವಾಗುವುದು ಅಲ್ಲಿಂದಲೇ. ಪೆಟ್ಟಿಗೆ ಮೊದಲು ಸೋಲುವುದೂ ಅದೇ. ಈ ಕ್ರೀಡೆಯಲ್ಲಿ ಕೈಗಳೂ ಕಾಲುಗಳಂತೆ ದೇಹಭಾರ ಹೊರುವುದರಿಂದ ಮಣಿಕಟ್ಟು ಬಹಳ ನೋಯುತ್ತದೆ. ವಾರಗಟ್ಟಲೆ ನಿಲ್ಲದ ಆ ನೋವನ್ನು ಹುಡುಗಿಯ ಸೋಮಾರಿತನವೆಂದು ತಿಳಿಯುವ ತಂದೆತಾಯಿಗಳಿಗೆ, ಗುರುಗಳಿಗೆ ಏನು ಹೇಳೋಣ? ಹತ್ತು ಹನ್ನೆರಡರ ಪ್ರಾಯದಲ್ಲಿ ಹುಡುಗಿ ಸರ್ರನೆ ಎತ್ತರವಾದಾಗ ನಿನ್ನೆ ಬಂದ ವರಸೆ ಇಂದು ತಪ್ಪುತ್ತದೆ. ಒಳ್ಳೆಯ ಗುರು ಆಗ ಭಾರ ಇಳಿಸುತ್ತಾನೆ. ಅವಿವೇಕಿ ಊಟ ಇಳಿಸುತ್ತಾನೆ. ಹೊಟ್ಟೆಗಿಲ್ಲದ ದೇಹದಲ್ಲಿ ಮುಟ್ಟು ತಡವಾಗುತ್ತದೆ, ಮೂಳೆ ಸೊರಗುತ್ತದೆ, ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ.

ರೊಮೇನಿಯಾದ ನಾದಿಯಾ ಕೊಮನೆಚಿ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹತ್ತಕ್ಕೆ ಹತ್ತು ಅಂಕ ಪಡೆದಾಗ ಆಕೆಗೆ 14 ವರ್ಷ. ಹಿರಿಯರ ಸ್ಪರ್ಧೆಗೆ ಆ ವರ್ಷ 16 ತುಂಬುವವರಾಗಿರಬೇಕೆಂಬ ನಿಯಮ 1997ರಲ್ಲಿ ಬಂತು. ತಡವಾಗಿ ಬಂದ ವಿವೇಕ.

ದೀಪಾ 2016ರ ರಿಯೋ ಒಲಿಂಪಿಕ್ಸ್‌ನ ವಾಲ್ಟ್ ಫೈನಲ್‌ನಲ್ಲಿ ಸ್ಪರ್ಧಿಸಿದಾಗ ಅವರಿಗೆ 23. ಅಲ್ಲಿ ಅವರು ಆಯ್ದುಕೊಂಡದ್ದು ರಷ್ಯದ ಯೆಲೆನಾ ಪ್ರೊದುನೊವಾ ಹೆಸರಿನ ವಾಲ್ಟ್: ಮೇಜಿನಿಂದ ಚಿಮ್ಮಿ ಮುಂದಕ್ಕೆ ಎರಡು ಲಾಗ. ಮುಂದಕ್ಕೆ ಸುತ್ತುವವಳಿಗೆ ನೆಲ ಕಾಣುವುದು ಕೊನೆಗೆ. ಸುತ್ತು ಕಡಿಮೆಯಾದರೆ ಕುತ್ತಿಗೆಗೆ ಅಪಾಯ. ಪಾದಗಳು ನೆಲ ಮುಟ್ಟಿದವು, ಆದರೆ ದೇಹ ಬಹುಮಟ್ಟಿಗೆ ಕುಕ್ಕರಿಸಿಬಿಟ್ಟಿತು. ಒಟ್ಟು ಅಂಕ 15.066, ಕಂಚು ತಪ್ಪಿದ್ದು 0.150ರಿಂದ. ಮರುವರ್ಷ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಯಿತು. 2024ರ ಮೇ ತಿಂಗಳಲ್ಲಿ ತಾಷ್ಕೆಂಟಿನ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಅವರು ವಾಲ್ಟ್‌ನ ಚಿನ್ನ ಗೆದ್ದರು. ಆಗ ಅವರಿಗೆ 30 ವರ್ಷ.