ತರಗೆಲೆಗೆ ಕಡ್ಡಿ ಗೀರಬೇಡಿ, ಹಿತ್ತಲಲ್ಲೇ ತಿಪ್ಪೆ ಕಟ್ಟಿ

ವಾಸ್ಕೋ: ಬಿಸಿಲು ಏರುತ್ತಿದ್ದಂತೆ ಮಾವು, ಹಲಸು, ಕಾಡುಬಾದಾಮಿ ಮರಗಳ ಕೆಳಗೆ ದಿನಾ ಒಂದು ಬುಟ್ಟಿ ಎಲೆ. ಮುಂಜಾನೆ ಅಂಗಳ ಗುಡಿಸಿ, ಎಲ್ಲವನ್ನೂ ಮೂಲೆಗೆ ತಳ್ಳಿ ಕಡ್ಡಿ ಗೀರಿದರೆ ಕೆಲಸ ಮುಗೀತು ಎಂಬ ಭಾವನೆ ಅನೇಕರಲ್ಲಿದೆ. ಆದರೆ ಅಲ್ಲಿಗೆ ಮುಗಿಯುವುದಿಲ್ಲ. ಬೈನಾ, ಸಡಾ, ಮಾಂಗೋರ್ ಹಿಲ್, ಝುವಾರಿನಗರದಂಥ ಕಡೆ ಮನೆಗೆ ಮನೆ ಅಂಟಿಕೊಂಡಿದೆ. ಒಬ್ಬರ ಅಂಗಳದ ಹೊಗೆ ಇನ್ನೊಬ್ಬರ ತೊಟ್ಟಿಲಿಗೆ ಹೋಗುತ್ತದೆ. ಬಂದರಿನ ಕಲ್ಲಿದ್ದಲು ಪುಡಿಯ ಬಗ್ಗೆ ವರ್ಷಗಟ್ಟಲೆ ದೂರುತ್ತಾ ಬಂದಿರುವ ಊರಿಗೆ ಈ ಹೊಗೆಯೂ ಬೇಕೇ?

ಸುಡದೆ ಬಿಟ್ಟ ಎಲೆ ಗಟಾರ ಸೇರುತ್ತದೆ. ಜೂನ್ ಮೊದಲ ಮಳೆಗೆ ಗಟಾರ ಕಟ್ಟಿಕೊಂಡು ನೀರು ಹೊಸ್ತಿಲಿಗೆ ಬರುತ್ತದೆ, ನಿಂತ ನೀರಿನಲ್ಲಿ ಸೊಳ್ಳೆ ಹುಟ್ಟುತ್ತದೆ. ಕಸವನ್ನೆಲ್ಲ ಒಂದೇ ಕಡೆ ಪೇರಿಸಿದರೆ ಏನಾಗುತ್ತದೆ ಎಂಬುದನ್ನು ಗೋವಾ ಕಂಡಿದೆ. 2019ರ ಮೇ ಕೊನೆಯಲ್ಲಿ ಮಡಗಾಂವ್ ಬಳಿಯ ಸೋನ್ಸೋಡೋ ಕಸದ ರಾಶಿಗೆ ಬೆಂಕಿ ಬಿದ್ದು ದಿನಗಟ್ಟಲೆ ಹೊಗೆಯಾಡಿತ್ತು.

ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲೇ ಆದೇಶ ಮಾಡಿತ್ತು. ದಿನಗೂಲಿ ನಂಬಿದ ಕುಟುಂಬಕ್ಕೆ ಇದು ಸಣ್ಣ ಮೊತ್ತವಲ್ಲ.

ಗೊತ್ತಿರುವ ವಿದ್ಯೆ

ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ ಕಡೆಯಿಂದ ಬಂದ ಕುಟುಂಬಗಳಿಗೆ ಎಲೆ-ಕಸ ಗೊಬ್ಬರವಾಗುತ್ತದೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಊರಲ್ಲಿ ಮನೆಗೊಂದು ತಿಪ್ಪೆ ಇರುತ್ತಿತ್ತು. ದೀಪಾವಳಿ ಪಾಡ್ಯದಂದು ತಿಪ್ಪೆಗೂ ದೀಪ ಇಡುವ ರೂಢಿ ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿದೆ. ಊರು ಬಿಟ್ಟು ಬಂದಾಗ ದನ, ಹೊಲದ ಜೊತೆಗೆ ತಿಪ್ಪೆಯೂ ಹಿಂದೆ ಉಳಿಯಿತು.

ಈ ವಿದ್ಯೆಗೆ ಶಾಸ್ತ್ರದ ಬೆಂಬಲವೂ ಇದೆ. 1924ರಿಂದ 1931ರವರೆಗೆ ಇಂದೋರ್‌ನಲ್ಲಿದ್ದ ಆಲ್ಬರ್ಟ್ ಹೋವಾರ್ಡ್ ಅವರು ಯಶವಂತ ವಾಡ್ ಅವರ ಜೊತೆ ಸೇರಿ, ರಾಶಿಯನ್ನು ಆಗಾಗ ಮಗುಚಿ ಗೊಬ್ಬರ ಮಾಡುವ ಪದ್ಧತಿ ರೂಪಿಸಿದರು. ಅದೇ ಇಂದೋರ್ ಪದ್ಧತಿ. 1939ರಲ್ಲಿ ಸಿ.ಎನ್. ಆಚಾರ್ಯ ಅವರು ಬೆಂಗಳೂರಿನಲ್ಲಿ ಇನ್ನೊಂದು ದಾರಿ ತೋರಿದರು: ಗುಂಡಿಯಲ್ಲಿ ಪದರ ಪದರವಾಗಿ ಕಸ ತುಂಬಿ, ಮೇಲೆ ಮಣ್ಣು ಮೆತ್ತಿ ಬಿಟ್ಟುಬಿಡುವುದು. ಮಗುಚುವ ಗೋಜಿಲ್ಲ, ಆರೆಂಟು ತಿಂಗಳಿಗೆ ಗೊಬ್ಬರ ಸಿದ್ಧ. ಇದಕ್ಕೆ ಬೆಂಗಳೂರು ಪದ್ಧತಿ ಎಂದೇ ಹೆಸರು.

ಇಲ್ಲಿ ಗುಂಡಿ ಬೇಡ

ಊರಿನ ಪದ್ಧತಿಯನ್ನು ವಾಸ್ಕೋದಲ್ಲಿ ಹಾಗೇ ಮಾಡಿದರೆ ಕೆಡುವುದು ಇಲ್ಲೇ. ವಿಜಯಪುರ ಕಡೆ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ, ಅಲ್ಲಿ ತೇವ ಉಳಿಸಲು ಗುಂಡಿ ಬೇಕು. ಗೋವಾದಲ್ಲಿ ಸುಮಾರು 3,000 ಮಿ.ಮೀ. ಸುರಿಯುತ್ತದೆ. ಗುಂಡಿ ತುಂಬಿ ಕೊಳೆತು ನಾರುತ್ತದೆ. ಆದ್ದರಿಂದ ಇಲ್ಲಿ ತಿಪ್ಪೆ ನೆಲದ ಮೇಲೇ ಏಳಬೇಕು.

ಮೂರು ಅಡಿ ಉದ್ದ, ಮೂರು ಅಡಿ ಅಗಲ, ಮೂರು ಅಡಿ ಎತ್ತರದ ಜಾಗ ಸಾಕು. ಸುತ್ತ ಇಟ್ಟಿಗೆಯನ್ನು ಸಂದು ಬಿಟ್ಟು ಜೋಡಿಸಬಹುದು, ಹಳೆ ತಂತಿಜಾಲರಿಯೂ ನಡೆಯುತ್ತದೆ. ತಳಕ್ಕೆ ತೆಂಗಿನ ಮಟ್ಟೆ, ಸಣ್ಣ ಟೊಂಗೆ ಹಾಕಿದರೆ ಗಾಳಿ ಆಡುತ್ತದೆ. ಅದರ ಮೇಲೆ ಮೂರು ಪಾಲು ಒಣ ಎಲೆ, ಒಂದು ಪಾಲು ಹಸಿ ಕಸ, ಅಂದರೆ ಕಾಯಿಪಲ್ಲೆ ಸಿಪ್ಪೆ, ಚಹಾ ಚರಟ, ಕಿತ್ತ ಹುಲ್ಲು. ನಡುನಡುವೆ ಒಂದು ಬೊಗಸೆ ಮಣ್ಣು. ಸೆಗಣಿ ಸಿಕ್ಕರೆ ನೀರಲ್ಲಿ ಕದಡಿ ಚಿಮುಕಿಸಬೇಕು, ಸಿಗದಿದ್ದರೆ ಹಳೆ ಗೊಬ್ಬರ ಒಂದು ಹಿಡಿ ಸಾಕು.

ಗೇರು, ಕಾಡುಬಾದಾಮಿ ಎಲೆ ದಪ್ಪ, ಬೇಗ ಕೊಳೆಯುವುದಿಲ್ಲ. ಹರಿದು ಅಥವಾ ಕಾಲಲ್ಲಿ ತುಳಿದು ಪುಡಿ ಮಾಡಿ ಹಾಕಬೇಕು. ಮೀನಿನ ತ್ಯಾಜ್ಯ, ಎಲುಬು, ಎಣ್ಣೆ ಪದಾರ್ಥ ಹಾಕಿದರೆ ನಾಯಿ, ಇಲಿ ಬರುವುದು ಖಂಡಿತ. ಪ್ಲಾಸ್ಟಿಕ್ ಅಂತೂ ಬೇಡವೇ ಬೇಡ.

ತೇವ ಎಷ್ಟಿರಬೇಕು? ಒಂದು ಹಿಡಿ ತೆಗೆದು ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆ ಇಳಿಯಬಾರದು. ನಾರಿದರೆ ಒಣ ಎಲೆ ಸೇರಿಸಿ ಮಗುಚುವುದು, ಒಣಗಿ ಹಾಗೇ ಉಳಿದರೆ ನೀರು ಚಿಮುಕಿಸುವುದು. ಇಷ್ಟೇ ಲೆಕ್ಕ. ಚೆನ್ನಾಗಿ ಕಟ್ಟಿದ ರಾಶಿ ಕೆಲವೇ ದಿನದಲ್ಲಿ ಒಳಗೆ ಬಿಸಿಯಾಗುತ್ತದೆ, ಅದು ಒಳ್ಳೆಯ ಲಕ್ಷಣ. ಹದಿನೈದು ದಿನಕ್ಕೊಮ್ಮೆ ಮಗುಚಿದರೆ ಮೂರ್ನಾಲ್ಕು ತಿಂಗಳಲ್ಲಿ ಗೊಬ್ಬರ ಕೈಗೆ ಬರುತ್ತದೆ. ಮಳೆ ಶುರುವಾಗುವ ಮೊದಲು ಮೇಲೊಂದು ತಾಡಪತ್ರಿ ಹೊದಿಸಿ, ಬದಿಯಲ್ಲಿ ಗಾಳಿಗೆ ಜಾಗ ಬಿಡಬೇಕು.

ಬಾಡಿಗೆ ಮನೆಯವರು?

ಹಿತ್ತಲೇ ಇಲ್ಲದವರಿಗೆ ಗೋಣಿಚೀಲ ಇದೆ. ಹಳೆ ಬಕೆಟ್ ಅಥವಾ ಡ್ರಮ್ಮಿಗೆ ತಳದಲ್ಲೂ ಬದಿಯಲ್ಲೂ ತೂತು ಕೊರೆದು, ಅದೇ ಲೆಕ್ಕದಲ್ಲಿ ತುಂಬಿ ಮುಚ್ಚಿಟ್ಟರೂ ಆಗುತ್ತದೆ. ಚಾಳಿನ ನಾಲ್ಕು ಮನೆಯವರು ಸೇರಿ ಒಂದು ಡ್ರಮ್ಮು ಇಟ್ಟರೆ ಇನ್ನೂ ಸುಲಭ. ಮನೆ ಮಾಲೀಕರ ಜಾಗವಾದರೆ ಮೊದಲೇ ಒಂದು ಮಾತು ಕೇಳಿಕೊಂಡರೆ ಮುಂದೆ ತಕರಾರು ಬರುವುದಿಲ್ಲ.

ಸಿದ್ಧವಾದ ಗೊಬ್ಬರ ಕಪ್ಪಗೆ, ಪುಡಿಪುಡಿಯಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ಇಲ್ಲಿಯ ಕೆಂಪು ಮುರಕಲ್ಲು ನೆಲದಲ್ಲಿ ಸಾರ ಕಡಿಮೆ, ಹಾಕಿದ ನೀರು ಬೇಗ ಇಳಿದು ಹೋಗುತ್ತದೆ. ಅದಕ್ಕೆ ಈ ಗೊಬ್ಬರ ಸೇರಿದರೆ ಡಬ್ಬಿಯಲ್ಲೂ ಮೆಂತ್ಯ, ಮೆಣಸಿನಕಾಯಿ, ಟೊಮೆಟೊ ಚೆನ್ನಾಗಿ ಬರುತ್ತದೆ.

ತಿಪ್ಪೆ ಉಪ್ಪರಿಗೆ ಆದೀತು ಎಂಬ ಗಾದೆ ಹಿರಿಯರ ಬಾಯಲ್ಲಿದೆ. ಉಪ್ಪರಿಗೆ ಆಗದಿದ್ದರೂ ಬೇಡ, ಈ ಬೇಸಿಗೆಯ ಎಲೆ ಹೊಗೆಯಾಗದೆ ಮಣ್ಣಾದರೆ ಪಕ್ಕದ ಮನೆಯ ಮಗುವಾದರೂ ಕೆಮ್ಮದೆ ನಿದ್ದೆ ಮಾಡೀತು.