ಅಂಕ ಹೋಗಿ ಅಕ್ಷರ ಬಂತು

ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ತಾಯಿಗೆ ತನ್ನ ದಿನದ ದುಡಿಮೆ ಎಷ್ಟೆಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸಾವಿರಕ್ಕೆ ಇಷ್ಟು ಎಂಬ ದರ ಗೊತ್ತು. ಕಟ್ಟಿದ್ದೆಷ್ಟು, ಕೆಟ್ಟವೆಂದು ತೆಗೆದಿರಿಸಿದ್ದೆಷ್ಟು ಎಂಬುದೂ ಗೊತ್ತು. ಉಗಾರದ ಸಕ್ಕರೆ ಕಾರಖಾನೆಗೆ ಕಬ್ಬು ಸಾಗಿಸಿದ ರೈತನ ಕೈಗೆ ತೂಕದ ಚೀಟಿ ಬರುತ್ತದೆ. ಅದರಲ್ಲಿ ಒಂದು ಕ್ವಿಂಟಲು ಹೆಚ್ಚುಕಡಿಮೆಯಾದರೂ ಅವನ ಕಣ್ಣಿಗೆ ಬೀಳದೆ ಇರದು. ಆದರೆ ಇದೇ ತಾಯಿತಂದೆಗಳ ಕೈಗೆ ಶಾಲೆಯಿಂದ ಪ್ರಗತಿಪತ್ರ ಬಂದಿತೆಂದರೆ, ಅವರು ಅದನ್ನು ಹಿಂದುಮುಂದಾಗಿ ತಿರುಗಿಸಿ ನೋಡಿ, ಕೊನೆಗೆ ಕೇಳುವ ಪ್ರಶ್ನೆ ಒಂದೇ: “ನಮ್ಮ ಹುಡುಗ ಪಾಸ ಆಗ್ಯಾನೋ ಇಲ್ಲೋ, ಅಷ್ಟ ಹೇಳ್ರಿ ಅಕ್ಕೋರ.”

ಈ ಪ್ರಶ್ನೆಗೆ ಇಂದು ನೇರವಾದ ಉತ್ತರವಿಲ್ಲ. ಹಿಂದೆ ಇತ್ತು. 1956ರ ರಾಜ್ಯ ಪುನರ್ವಿಂಗಡಣೆಗೆ ಮೊದಲು ಮುಂಬಯಿ ರಾಜ್ಯದಲ್ಲಿದ್ದ ಈ ಸೀಮೆಯಲ್ಲಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯೆಂದರೆ ಊರಿಗೆ ಊರೇ ಕಿವಿನಿಮಿರಿಸುವ ಸಂಗತಿಯಾಗಿತ್ತು. ಮುಲ್ಕಿ ಪಾಸಾದವನು ಪಾಸಾದ, ನಪಾಸಾದವನು ನಪಾಸಾದ. ನಡುವೆ ಮತ್ತೊಂದು ಮಾತಿಲ್ಲ. ಅದು ಕ್ರೂರವಾದ ಅಳತೆ ನಿಜ, ಆದರೆ ಎಲ್ಲರಿಗೂ ತಿಳಿಯುವ ಅಳತೆ. ಅಕ್ಷರಜ್ಞಾನವಿಲ್ಲದ ಅಜ್ಜಿಗೂ ಅದರ ಅರ್ಥವಾಗುತ್ತಿತ್ತು.

ಬೆಳಗಾವಿ ಕಂದಾಯ ಜಿಲ್ಲೆ ಒಂದೇ ಆದರೂ, ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಅದು ಎರಡು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿದ ವಲಯಗಳು. ಇಲ್ಲಿಯ ಶಾಲೆಗಳಲ್ಲಿಯೂ, ಕರ್ನಾಟಕದ ಉಳಿದ ಕಡೆಗಳಲ್ಲಿರುವಂತೆ, 2009ರ ಶಿಕ್ಷಣದ ಹಕ್ಕಿನ ಕಾಯಿದೆ ಜಾರಿಗೆ ಬಂದ 2010ರ ಏಪ್ರಿಲ್ 1ರ ತರುವಾಯ ಪರೀಕ್ಷೆಯ ಸ್ವರೂಪವೇ ಬದಲಾಯಿತು. ಮಗುವನ್ನು ವರ್ಷದ ಕೊನೆಗೊಮ್ಮೆ ತೂಗಿ ನೋಡುವುದರ ಬದಲು ವರ್ಷವಿಡೀ ನೋಡುತ್ತಿರಬೇಕೆಂಬ ತತ್ತ್ವಕ್ಕೆ ಮನ್ನಣೆ ದೊರೆಯಿತು. ಇದಕ್ಕೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವೆಂದು ಹೆಸರು. ಹೆಸರು ಉದ್ದವಾಯಿತು; ಪತ್ರಕದ ಮೇಲಿನ ಬರವಣಿಗೆ ಮಾತ್ರ ಒಂದಕ್ಷರಕ್ಕೆ ಇಳಿಯಿತು.

ಒಂದರಿಂದ ಎಂಟರವರೆಗಿನ ತರಗತಿಗಳಿಗೆ ರೂಢಿಗೆ ಬಂದ ಲೆಕ್ಕ ಹೀಗಿದೆ. ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳು, ಒಂದೊಂದಕ್ಕೆ 15 ಅಂಕ. ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು, ಒಂದೊಂದಕ್ಕೆ 20. ಎಲ್ಲ ಕೂಡಿ ನೂರು. ಅದರಲ್ಲಿ 90ಕ್ಕೆ ಮೇಲ್ಪಟ್ಟವರಿಗೆ ಎ+, 70ರಿಂದ 89ಕ್ಕೆ ಎ, 50ರಿಂದ 69ಕ್ಕೆ ಬಿ+, 30ರಿಂದ 49ಕ್ಕೆ ಬಿ, ಅದಕ್ಕೂ ಕೆಳಗಿದ್ದವರಿಗೆ ಸಿ. ಮೊದಲಿನ ನಾಲ್ಕು ಮಗುವಿನ ಚಟುವಟಿಕೆ, ಯೋಜನೆ, ಓದು, ಮಾತುಗಳನ್ನು ನೋಡುತ್ತವೆ. ಕೊನೆಯ ಎರಡು ಹೆಚ್ಚಾಗಿ ಬರವಣಿಗೆಯನ್ನು.

ಈಗ ಒಂದು ಲೆಕ್ಕವನ್ನು ಮಾಡಿ ನೋಡಬೇಕು. ಒಬ್ಬ ಹುಡುಗನಿಗೆ ನಾಲ್ಕು ಚಟುವಟಿಕೆಗಳಲ್ಲಿ ಹನ್ನೆರಡರಂತೆ 48 ಬಂದಿವೆ, ಎರಡು ಲಿಖಿತ ಪರೀಕ್ಷೆಗಳಲ್ಲಿ ಆರರಂತೆ 12 ಬಂದಿವೆ. ಒಟ್ಟು 60; ಬಿ+. ಇನ್ನೊಬ್ಬಳು ಹುಡುಗಿಗೆ ಚಟುವಟಿಕೆಗಳಲ್ಲಿ ಏಳರಂತೆ 28, ಬರವಣಿಗೆಯಲ್ಲಿ ಹದಿನಾರರಂತೆ 32. ಒಟ್ಟು 60; ಅದೂ ಬಿ+. ಮೊದಲನೆಯವನಿಗೆ ಕೈಯಲ್ಲಿ ಪೆನ್ನು ಹಿಡಿದು ಒಂದು ಪರಿಚ್ಛೇದ ಬರೆಯುವುದು ಬಾರದಿರಬಹುದು. ಎರಡನೆಯವಳು ಚೆನ್ನಾಗಿ ಬರೆಯುತ್ತಾಳೆ, ಆದರೆ ತರಗತಿಯಲ್ಲಿ ಬಾಯಿಬಿಡಲು ಹೆದರುತ್ತಾಳೆ, ಅಥವಾ ಸುಗ್ಗಿಯ ದಿನಗಳಲ್ಲಿ ತಮ್ಮನನ್ನು ಆಡಿಸುತ್ತ ಮನೆಯಲ್ಲಿಯೇ ಉಳಿದಿರುತ್ತಾಳೆ. ಇಬ್ಬರಿಗೂ ಬೇಕಾದ ನೆರವು ಬೇರೆ ಬೇರೆ. ಪತ್ರಕವನ್ನು ಮನೆಗೊಯ್ದ ಇಬ್ಬರು ತಂದೆಗಳಿಗೆ ಮಾತ್ರ ಕಾಣುವುದು ಒಂದೇ ಅಕ್ಷರ.

ಅಕ್ಷರದ ಬೆಲೆಯಾದರೂ ಸ್ಥಿರವಾಗಿದೆಯೆ ಎಂದರೆ ಅದೂ ಇಲ್ಲ. ಎಂಟನೆಯ ತರಗತಿಯಲ್ಲಿ ನೂರಕ್ಕೆ 72 ಪಡೆದವನಿಗೆ ಎ. ಅವನೇ ಹತ್ತನೆಯ ತರಗತಿಯ ಎಸ್‌.ಎಸ್‌.ಎಲ್‌.ಸಿ. ಪರೀಕ್ಷೆಯಲ್ಲಿ ಅಷ್ಟೇ ಪ್ರಮಾಣದ ಅಂಕ ಪಡೆದರೆ ಬಿ+, ಏಕೆಂದರೆ ಅಲ್ಲಿ ಎ ಎಂಬುದು ಎಂಬತ್ತರಿಂದ ಮೇಲೆ. ಎಂಟರಲ್ಲಿ ಬಿ+ ತಂದುಕೊಡುತ್ತಿದ್ದ ಅರವತ್ತು ಅಲ್ಲಿ ಬರಿಯ ಬಿ. “ಹೈಸ್ಕೂಲಿಗೆ ಹೋದಮ್ಯಾಲೆ ಹುಡುಗ ಕೆಟ್ಟ” ಎಂದು ಹಣೆಗೆ ಕೈಹಚ್ಚಿ ಕೂಡುವ ತಂದೆಗೆ, ಹುಡುಗನಲ್ಲ, ಕೊಳಗವೇ ಬದಲಾಗಿದೆ ಎಂದು ಹೇಳುವವರು ಬೇಕು.

ಗಡಿಯ ಸಂಬಂಧಿಕರು ಬಂದರಂತೂ ಗೊಂದಲ ಮೂರು ಮಡಿಯಾಗುತ್ತದೆ. ಅಥಣಿಯ ನೆರೆಯ ಜತ್ತ ತಾಲೂಕು ಮಹಾರಾಷ್ಟ್ರದ್ದು. ಅಲ್ಲಿಯೂ ಕನ್ನಡ ಶಾಲೆಗಳಿವೆ, ಎರಡೂ ಕಡೆಗಳಲ್ಲಿ ಬೀಗತನಗಳಿವೆ. ಮಹಾರಾಷ್ಟ್ರದ ಪದ್ಧತಿಯಲ್ಲಿಯೂ ಆಕಾರಿಕ, ಸಂಕಲಿತ ಎಂಬ ಎರಡು ಬಗೆಯ ಮೌಲ್ಯಮಾಪನಗಳುಂಟು. ಆದರೆ ಶ್ರೇಣಿಗಳು ಅ-1, ಅ-2, ಬ-1, ಬ-2 ಎಂದು ಹತ್ತು ಹತ್ತು ಅಂಕಕ್ಕೊಂದರಂತೆ ಇಳಿಯುತ್ತ ಹೋಗುತ್ತವೆ. ಹೀಗಾಗಿ ಅಥಣಿಯ ಹುಡುಗನಿಗೆ ಎ ಗಳಿಸಿಕೊಟ್ಟ 72 ಅಂಕ ಜತ್ತದ ಅವನ ಸೋದರಮಾವನ ಮಗನಿಗೆ ಬ-1 ಗಳಿಸಿಕೊಡುತ್ತದೆ. ಜಾತ್ರೆಗೆ ಕೂಡಿದ ಹೆಂಗಸರು ಮಕ್ಕಳ ಶ್ರೇಣಿಗಳನ್ನು ಹೋಲಿಸಿ ಒಬ್ಬನನ್ನು ಹೊಗಳಿ ಇನ್ನೊಬ್ಬನನ್ನು ಹಳಿದರೆ, ಆ ಎರಡನೆಯ ಹುಡುಗನು ಯಾರಿಗೆ ದೂರು ಹೇಳಬೇಕು?

ಏಣಿಯ ಮೇಲೆ ಮಗು

ವಿಚಿತ್ರವೆಂದರೆ, ಪಾಲಕರಿಗೆ ತಿಳಿಯುವಂತಹ ಒಂದು ಅಳತೆ ಸರಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳ ಗೋಡೆಯ ಮೇಲೆಯೇ ತೂಗಿದೆ, ನೋಡುವವರು ಕಡಿಮೆ. ನಲಿ-ಕಲಿ ಪದ್ಧತಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ, ಯುನಿಸೆಫ್ ಸಂಸ್ಥೆಯ ನೆರವಿನಿಂದ ಆರಂಭವಾಯಿತು. ಅದಕ್ಕೆ ಪ್ರೇರಣೆ ಆಂಧ್ರದ ಮದನಪಲ್ಲಿಯ ಬಳಿಯ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳದು. 2009-10ರಲ್ಲಿ ಅದು ರಾಜ್ಯದ ಎಲ್ಲ ಸರಕಾರಿ ಕನ್ನಡ ಶಾಲೆಗಳ ಒಂದು, ಎರಡನೆಯ ತರಗತಿಗಳಿಗೂ, ಮರುವರ್ಷ ಮೂರನೆಯದಕ್ಕೂ ಹಬ್ಬಿತು.

ಅಲ್ಲಿ ಪಾಠವೆಂಬುದು ಒಂದು ಏಣಿ. ಏಣಿಗೆ ಮೈಲಿಗಲ್ಲುಗಳು, ಮೈಲಿಗಲ್ಲಿನಿಂದ ಮೈಲಿಗಲ್ಲಿಗೆ ಮೆಟ್ಟಿಲುಗಳು. ಪ್ರತಿ ಮೆಟ್ಟಿಲಿಗೂ ಚಿತ್ರದ ಗುರುತುಳ್ಳ ಒಂದು ಕಾರ್ಡು. ಮಗು ಒಂದು ಮೆಟ್ಟಿಲನ್ನು ಪೂರೈಸಿದ ಬಳಿಕವೇ ಮುಂದಿನದಕ್ಕೆ ಕಾಲಿಡಬೇಕು. ಪಕ್ಕದ ಮಗು ಎಷ್ಟು ಮುಂದಿದೆ ಎಂಬುದರ ಗೊಡವೆ ಅದಕ್ಕಿಲ್ಲ. ಹದಿನೈದು ದಿನ ಜ್ವರದಿಂದ ಮಲಗಿದ್ದು ಬಂದ ಮಗು ತಾನು ನಿಂತಿದ್ದ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಯಾರು ಎಲ್ಲಿಗೆ ಮುಟ್ಟಿದರೆಂಬುದನ್ನು ತೋರಿಸಲು ಪ್ರಗತಿನೋಟವೆಂಬ ಪಟ್ಟಿಯುಂಟು. ಅಕ್ಷರ ಬಾರದ ತಾಯಿಯೂ ಅಕ್ಕೋರ ಪಕ್ಕದಲ್ಲಿ ನಿಂತು, “ನನ್ನ ಮಗಳು ಯಾವ ಚಿತ್ರದಾಗ ಅದಾಳ್ರಿ? ಹ್ವಾದ ತಿಂಗಳ ಯಾವುದರಾಗ ಇದ್ಲು?” ಎಂದು ಕೇಳಬಹುದು. ಮಗು ಇಂದು ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಯಾವ ಪತ್ರಕದಲ್ಲಿಯೂ ಸಿಗಲಾರದು.

ಈ ವಿಚಾರ ಹೊಸತಾದರೂ ಅಥಣಿಯ ಚಪ್ಪಲಿ ಕುಶಲಿಗರಿಗೆ ಅದು ಹಳೆಯದೇ. ಕೆಲಸ ಕಲಿಯುವ ಹುಡುಗನಿಗೆ ಅಲ್ಲಿ ಯಾರೂ ನೂರಕ್ಕೆ ಅರವತ್ತು ಕೊಡುವುದಿಲ್ಲ. ಅಟ್ಟೆ ಕೊಯ್ಯುವುದು ಬಂತು, ಹೊಲಿಗೆ ಬಂತು, ಹೆಣಿಗೆ ಇನ್ನೂ ಕೈಗೆ ಹತ್ತಲಿಲ್ಲ ಎನ್ನುತ್ತಾರೆ. ಹೆಣಿಗೆ ಬಾರದವನ ಹೊಲಿಗೆ ಎಷ್ಟು ಚೆನ್ನಾಗಿದ್ದರೂ ಎರಡರ ಸರಾಸರಿ ತೆಗೆದು ಚಪ್ಪಲಿ ಮಾಡಲು ಬರುವುದಿಲ್ಲವಷ್ಟೆ! ಅಮೇರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ ಅವರು 1968ರಲ್ಲಿ ಮಂಡಿಸಿದ ಪ್ರಭುತ್ವ ಕಲಿಕೆಯ ವಾದದ ತಿರುಳೂ ಹೆಚ್ಚುಕಡಿಮೆ ಇದೇ. ಅಲ್ಲಿಯ ಅನೇಕ ಶಾಲೆಗಳು ಈಗ ಒಟ್ಟು ಅಂಕವನ್ನು ಬಿಟ್ಟು, ಒಂದೊಂದು ಕೌಶಲಕ್ಕೆ ಒಂದರಿಂದ ನಾಲ್ಕರವರೆಗಿನ ಶ್ರೇಣಿ ಕೊಡುತ್ತವೆ. ಅಲ್ಲಿಯ ಪಾಲಕರಿಗೂ ಇದು ಸುಲಭವಾಗಿ ರುಚಿಸಲಿಲ್ಲ. ಮೇನ್ ಎಂಬ ಸಂಸ್ಥಾನವು ಇಂತಹ ಪ್ರಾವೀಣ್ಯವನ್ನೇ ಶಾಲಾಂತ್ಯದ ಪ್ರಮಾಣಪತ್ರಕ್ಕೆ ಆಧಾರವಾಗಿರಿಸಬೇಕೆಂದು 2012ರಲ್ಲಿ ಕಾಯಿದೆ ಮಾಡಿ, 2018ರಲ್ಲಿ ಆ ಕಡ್ಡಾಯವನ್ನು ಹಿಂತೆಗೆದುಕೊಂಡಿತು.

ನಾಲ್ಕನೆಯ ತರಗತಿಗೆ ಬಂದೊಡನೆ ನಮ್ಮ ಏಣಿ ಮುಗಿಯುತ್ತದೆ, ಮತ್ತೆ ಒಂದಕ್ಷರದ ಲೆಕ್ಕ ಆರಂಭವಾಗುತ್ತದೆ. ಇದು ನಮ್ಮ ವ್ಯವಸ್ಥೆಯ ದೊಡ್ಡ ಕೊರತೆಯೆಂದೇ ಹೇಳಬೇಕು. ಶಿಕ್ಷಕರು ಪ್ರತಿ ಮಗುವಿನ ಅಂಕಗಳನ್ನು ಸ್ಯಾಟ್ಸ್ ಎಂಬ ಗಣಕ ವ್ಯವಸ್ಥೆಯಲ್ಲಿ ತುಂಬುತ್ತಾರೆ. ತುಂಬುವುದರಲ್ಲಿಯೇ ಅವರ ಎಷ್ಟೋ ಸಂಜೆಗಳು ಕಳೆಯುತ್ತವೆ. ಆ ಶ್ರಮದ ನಾಲ್ಕನೆಯ ಒಂದು ಪಾಲು ಪಾಲಕರೊಡನೆ ಮಾತನಾಡುವುದಕ್ಕೆ ಸಂದಿದ್ದರೆ!

ಪೂರ ಬಂದ ವರುಷಗಳು

ಶ್ರೇಣಿಯನ್ನೇ ನೆಚ್ಚಿ ಕುಳಿತುಕೊಳ್ಳುವುದರ ಅಪಾಯ ಈ ಸೀಮೆಗೆ ಅನುಭವದಿಂದ ಗೊತ್ತು. 2019ರ ಆಗಸ್ಟಿನಲ್ಲಿ ಕೃಷ್ಣೆಯೂ ದೂಧಗಂಗಾ, ವೇದಗಂಗೆಯರೂ ಉಕ್ಕಿ ದಂಡೆಯ ಹಳ್ಳಿಗಳನ್ನು ಮುಳುಗಿಸಿದಾಗ, ನೀರು ಹೊಕ್ಕ ಶಾಲೆಗಳು ಪಾಠವನ್ನು ನಿಲ್ಲಿಸಿದವು; ನೀರು ಹೊಗದ ಶಾಲೆಗಳಲ್ಲಿ ನಿರಾಶ್ರಿತರು ತಂಗಿದರು. ಮರುವರ್ಷದ ಮಾರ್ಚಿನಲ್ಲಿ ಕೋವಿಡ್ ಬಂದು ಎಲ್ಲ ಶಾಲೆಗಳೂ ಮುಚ್ಚಿದವು. 2021ರಲ್ಲಿ ಮತ್ತೆ ಪೂರ. ಆ ಅವಧಿಯಲ್ಲಿ ಮಕ್ಕಳು ಪರೀಕ್ಷೆಯಿಲ್ಲದೆ ಮೇಲಿನ ತರಗತಿಗೆ ಹೋದರು. ಎರಡನೆಯ ತರಗತಿಯಲ್ಲಿ ಓದು ನಿಂತ ಮಗು ನಾಲ್ಕನೆಯದರಲ್ಲಿ ಬಂದು ಕುಳಿತಿತು. ಹೆಸರು ನಾಲ್ಕನೆಯದು, ಓದು ಎರಡನೆಯದು. 2022-23ರಲ್ಲಿ ರಾಜ್ಯ ಸರಕಾರ ಕಲಿಕಾ ಚೇತರಿಕೆ ಎಂಬ ಕಾರ್ಯಕ್ರಮವನ್ನು ಹಾಕಿಕೊಂಡು, ತರಗತಿಯ ಹೆಸರಿಗಿಂತ ಕಲಿಕಾ ಫಲಗಳನ್ನು ಮುಂದಿಟ್ಟು, ಒಂದೊಂದು ಫಲಕ್ಕೂ ಕಲಿಕಾ ಹಾಳೆಗಳನ್ನು ಮಾಡಿಸಿದ್ದು ಇದಕ್ಕಾಗಿಯೇ.

ಅನಂತರ ಗಾಳಿ ಮತ್ತೆ ಪರೀಕ್ಷೆಯ ಕಡೆಗೆ ಬೀಸಿತು. ಮಕ್ಕಳನ್ನು ಹಿಂದೆ ನಿಲ್ಲಿಸಬಾರದೆಂಬ ನಿಯಮವನ್ನು ಸಡಿಲಿಸುವ ಅಧಿಕಾರವನ್ನು 2019ರ ತಿದ್ದುಪಡಿ ಸರಕಾರಗಳಿಗೆ ಕೊಟ್ಟಿತ್ತು. 2023ರಲ್ಲಿ ಐದು, ಎಂಟನೆಯ ತರಗತಿಗಳಿಗೆ ರಾಜ್ಯಮಟ್ಟದ ಮೌಲ್ಯಾಂಕನ ನಡೆಯಿತು. 2024ರಲ್ಲಿ ಒಂಬತ್ತನೆಯ ತರಗತಿಯೂ ಅದಕ್ಕೆ ಸೇರಿ, ವಿವಾದ ಸುಪ್ರೀಮ್ ಕೋರ್ಟಿನವರೆಗೆ ಹೋಗಿ, ಏಪ್ರಿಲ್ ತಿಂಗಳಲ್ಲಿ ಫಲಿತಾಂಶಗಳಿಗೆ ತಡೆ ಬಂದಿತು. ಕೋರ್ಟಿನ ಸುದ್ದಿಯನ್ನು ಟಿವಿಯಲ್ಲಿ ಕಂಡ ರಾಯಬಾಗದ ತಾಯಿಗೆ ತನ್ನ ಮಗ ಭಾಗಾಕಾರ ಬಲ್ಲನೋ ಇಲ್ಲವೋ ಎಂಬುದು ಅಂದಿಗೂ ತಿಳಿಯಲಿಲ್ಲ.

ತಿಳಿದುಕೊಳ್ಳುವ ಹಕ್ಕು ಅವಳಿಗುಂಟು. ಶಿಕ್ಷಕರು ಪಾಲಕರೊಡನೆ ನಿಯತವಾಗಿ ಸಭೆ ನಡೆಸಿ, ಮಗುವಿನ ಹಾಜರಿ, ಕಲಿಯುವ ಶಕ್ತಿ, ಕಲಿಕೆಯ ಪ್ರಗತಿಗಳನ್ನು ತಿಳಿಸಬೇಕೆಂದು ಅದೇ ಕಾಯಿದೆಯ 24ನೆಯ ಕಲಮು ವಿಧಿಸಿದೆ. ಕರ್ನಾಟಕದಲ್ಲಿ ಇದಕ್ಕೂ ಹಿಂದೆಯೇ, ಡಾ. ರಾಜಾ ರಾಮಣ್ಣನವರ ಅಧ್ಯಕ್ಷತೆಯ ಕಾರ್ಯಪಡೆಯ ಸಲಹೆಯ ಮೇರೆಗೆ, 2001ರಲ್ಲಿ ಪಾಲಕರಿಂದಲೇ ಕೂಡಿದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಹುಟ್ಟಿದವು. ಸಮುದಾಯದತ್ತ ಶಾಲೆ ಎಂಬ ದಿನದಂದು ಪ್ರಗತಿಪತ್ರಗಳನ್ನು ಪಾಲಕರ ಮುಂದಿಡುವ ಏರ್ಪಾಡೂ ಇದೆ. ಆದರೆ ಆ ದಿನ ಕೂಲಿ ಬಿಟ್ಟು ಬರುವವರೆಷ್ಟು ಜನ? ಬಂದವರು ರುಜು ಹಾಕಿ, ಇಲ್ಲವೆ ಹೆಬ್ಬೆಟ್ಟೊತ್ತಿ ಹೊರಡುತ್ತಾರೆ. ಮಾತು ಹೆಚ್ಚಾಗಿ ಶೌಚಾಲಯ, ಬಿಸಿಯೂಟ, ಕಂಪೌಂಡು ಗೋಡೆಗಳದೇ. ಮರಾಠಿ ಮನೆಮಾತಿನವಳಾದ ತಾಯಿ ಕನ್ನಡದಲ್ಲಿ ಬರೆದ ಷರಾವನ್ನು ಓದಲಾರದೆ, ಮಗನಿಂದಲೇ ಓದಿಸಿಕೊಂಡು ತೃಪ್ತಳಾಗುವುದೂ ಉಂಟು. ಆರೋಪಿಯೇ ತೀರ್ಪನ್ನು ಓದಿ ಹೇಳಿದಂತೆ!

ಬರುವವರು ಕೇಳಬೇಕಾದುದು ಬಹಳವಿಲ್ಲ. ಶ್ರೇಣಿ ಯಾವುದೆಂದು ಕೇಳುವ ಬದಲು, ಪ್ರತಿ ಮಗುವಿನ ಹೆಸರಿನಲ್ಲಿ ಶಾಲೆಯಲ್ಲಿಡುವ ಕೃತಿಸಂಪುಟವನ್ನು ತೆಗೆಯಿಸಿ, ಜೂನಿನಲ್ಲಿ ಬರೆದ ಹಾಳೆಯನ್ನೂ ಈಗಿನದನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ಎರಡೂ ಒಂದೇ ತೆರನಾಗಿದ್ದರೆ ಎ ಶ್ರೇಣಿಯಿದ್ದರೂ ಚಿಂತಿಸಬೇಕು. 2005ರಿಂದ ಹಳ್ಳಿಹಳ್ಳಿಗಳ ಮನೆಬಾಗಿಲಿಗೆ ಹೋಗಿ ಮಕ್ಕಳ ಓದನ್ನು ಅಳೆಯುವ ‘ಅಸರ್’ ಸಮೀಕ್ಷೆಯವರ ಉಪಾಯವೂ ಸರಳವಾದುದೇ: ಮೊದಲು ಅಕ್ಷರ, ಆಮೇಲೆ ಶಬ್ದ, ಆಮೇಲೆ ನಾಲ್ಕು ಸಾಲು, ಕೊನೆಗೆ ಎರಡನೆಯ ತರಗತಿಯ ಮಟ್ಟದ ಒಂದು ಚಿಕ್ಕ ಕಥೆ. ಮಗು ಎಲ್ಲಿ ತಡವರಿಸುತ್ತದೆ ಎಂಬುದನ್ನು ತಿಳಿಯಲು ಕೇಳುವವರಿಗೆ ಓದು ಬರಬೇಕೆಂದೇನೂ ಇಲ್ಲ. ಕಬ್ಬಿನ ತೂಕದ ಚೀಟಿಯನ್ನು ಮಗಳ ಕೈಗಿತ್ತು, ಗಾಡಿಸಮೇತ ತೂಕದಲ್ಲಿ ಬರಿಗಾಡಿಯ ತೂಕ ಕಳೆದು ಹೇಳೆಂದರೆ, ಕಳೆಯುವ ಲೆಕ್ಕ ಬರುವುದೋ ಇಲ್ಲವೋ ಅಲ್ಲಿಯೇ ಗೊತ್ತಾಗುತ್ತದೆ.

ಎಲ್ಲರಿಗಿಂತ ಕಷ್ಟ ಕಬ್ಬು ಕಡಿಯುವವರ ಮಕ್ಕಳದು. ಮೊದಲ ಸಂಕಲನಾತ್ಮಕ ಪರೀಕ್ಷೆ ಮುಗಿಯುವ ಹೊತ್ತಿಗೆ ಕಾರಖಾನೆಗಳ ಹಂಗಾಮು ಆರಂಭವಾಗುತ್ತದೆ. ದೂರದ ಊರುಗಳಿಂದ ತಂದೆತಾಯಿಗಳೊಡನೆ ಬಂದ ಮಕ್ಕಳು ಗದ್ದೆಯ ಅಂಚಿನ ಗುಡಿಸಲುಗಳಲ್ಲಿ ಇರುತ್ತವೆ. ಇವುಗಳನ್ನು ಹತ್ತಿರದ ಶಾಲೆಗೆ ಸೇರಿಸಿಕೊಂಡರೂ ಎಲ್ಲಿಂದ ಕಲಿಸಲು ತೊಡಗಬೇಕೆಂಬುದು ಆ ಅಕ್ಕೋರಿಗೆ ತಿಳಿಯದು. ಮಗುವಿನೊಡನೆ ಬಂದಿರುವುದು ಹೆಚ್ಚೆಂದರೆ ಹೆಸರೂ ತರಗತಿಯೂ ಅಷ್ಟೆ. ಊರು ಬಿಡುವ ಮುನ್ನ ಆ ಶಾಲೆಯ ಗುರುಗಳಿಂದ ಒಂದು ಚೀಟಿ ಬರೆಯಿಸಿಕೊಳ್ಳುವುದು ಮೇಲು. ಅದರಲ್ಲಿ ಶ್ರೇಣಿ ಬೇಕಾಗಿಲ್ಲ. ಒತ್ತಕ್ಷರವಿಲ್ಲದ ಶಬ್ದಗಳನ್ನು ಓದುತ್ತಾಳೆ, ಒತ್ತಕ್ಷರ ಬಂದಿಲ್ಲ, ಕೂಡಿಸುವುದು ಬರುತ್ತದೆ, ದಶಕ ತೆಗೆದು ಕಳೆಯುವುದು ಬರುವುದಿಲ್ಲ, ಇಷ್ಟಿದ್ದರೆ ಸಾಕು. ಅದನ್ನು ಆಧಾರ್ ಕಾರ್ಡಿನ ಜತೆಗೆ ಮಡಿಚಿಟ್ಟುಕೊಂಡು ಬಂದರೆ, ಸೇರಿದ ಮರುದಿನವೇ ಮಗುವನ್ನು ಒತ್ತಕ್ಷರದಿಂದ ಆರಂಭಿಸಬಹುದು.