ಐವತ್ತು ಪೈಸೆಯ ಚಿತ್ರಶಾಲೆ

ಯಡಿಯೂರು ಕೆರೆಯ ಹತ್ತಿರದ ಒಂದು ಓಣಿಯಲ್ಲಿ ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರಿದ್ದಾರೆ. ಅವರ ಮನೆಗೆ ನಾನು ಹೋದದ್ದು ಒಂದೇ ಒಂದು ಪೋಸ್ಟ್ ಕಾರ್ಡ್ ನೋಡಲು. ಹೆಸರು ಹಾಕಬಾರದು ಎಂದು ಮಾತು ತೆಗೆದುಕೊಂಡು, ಹಳೆಯ ಬಿಸ್ಕತ್ತಿನ ಡಬ್ಬ ತೆರೆದರು.

ಕಾರ್ಡಿನ ಎಡಕ್ಕೆ ಯಡಿಯೂರು ಕೆರೆ. ಗಣೇಶನನ್ನು ಬಿಡುವ ಕಲ್ಯಾಣಿಯ ಮೆಟ್ಟಿಲು, ನೀರಿನಿಂದ ಮೇಲೆದ್ದ ಒಂದು ಸೊಂಡಿಲು. ಕಾರ್ಡಿನ ನಡುವಿಗೆ ಬಂದ ನೀರಿನ ಗೆರೆಗಳು ಅಲ್ಲಿಗೇ ನಿಂತಿವೆ. ಅಲ್ಲಿಂದಾಚೆ ಕೈ ಬೇರೆ, ಶಾಯಿ ಬೇರೆ. ಅವೇ ಗೆರೆಗಳು ಉಳುಮೆಯ ಸಾಲಾಗಿ ಮುಂದುವರಿದಿವೆ, ಸಾಲಿನ ತುದಿಗೆ ಒಂದು ಜೋಡಿ ಎತ್ತು. ಅದು ಧಾರವಾಡದ ಗೆಳೆಯರ ಕೈ. ಇವರು ಅರ್ಧ ಬರೆದು ಕಳಿಸುತ್ತಾರೆ. ಅವರು ಉಳಿದರ್ಧ ತುಂಬಿ, ವಿಳಾಸದ ಮೇಲೆ ಚೀಟಿ ಅಂಟಿಸಿ, ಹೊಸ ಸ್ಟಾಂಪು ಹಚ್ಚಿ ಹಿಂದಿರುಗಿಸುತ್ತಾರೆ. ಈ ಕಾರ್ಡು ಬರುವಾಗ ಬಟವಾಡೆಯ ದುಂಡು ಮುದ್ರೆ ಚಿತ್ರದ ಮೇಲೆಯೇ ಬಿದ್ದು, ಎತ್ತುಗಳ ನೆತ್ತಿಯ ಮೇಲೆ ಸೂರ್ಯನಾಗಿದೆ. ಆ ಮುದ್ರೆಯನ್ನು ಮೇಷ್ಟ್ರು ಮೂರನೆಯ ಕಲಾವಿದ ಎನ್ನುತ್ತಾರೆ. ನನಗೂ ಹಾಗೇ ಅನ್ನಿಸಿತು.

ಹೊರದೇಶಗಳಲ್ಲಿ ಇದಕ್ಕೆ ಮೇಲ್ ಆರ್ಟ್ ಎಂಬ ಹೆಸರಿದೆ. ನ್ಯೂಯಾರ್ಕಿನ ರೇ ಜಾನ್ಸನ್ ಗೆಳೆಯರಿಗೆ ಚಿತ್ರ ಕಳಿಸಿ, ಏನಾದರೂ ಸೇರಿಸಿ ಮರಳಿಸಿ ಎಂದು ಕೇಳುತ್ತಿದ್ದರು. 1970ರಲ್ಲಿ ಅಲ್ಲಿನ ವಿಟ್ನಿ ಮ್ಯೂಸಿಯಂ ಅವರ ಬಳಗದ ಪ್ರದರ್ಶನ ಇಟ್ಟಾಗ ಗೋಡೆಗೇರಿದ್ದು ಬೇರೆಯವರು ಅಂಚೆಯಲ್ಲಿ ಕಳಿಸಿದ ಕೃತಿಗಳು. ಶುಲ್ಕವಿಲ್ಲ, ತೀರ್ಪುಗಾರರಿಲ್ಲ, ಬಂದದ್ದನ್ನೆಲ್ಲ ತೂಗುಹಾಕಬೇಕು: ಈ ಕಲೆಯ ಕಟ್ಟಳೆ ಇಷ್ಟೇ. ಸೈನಿಕ ಆಡಳಿತವಿದ್ದ ಉರುಗ್ವೆಯಲ್ಲಿ ಕ್ಲೆಮೆಂಟೆ ಪದೀನ್ ಇಂಥ ಕಲೆಗಾಗಿ 1977ರಲ್ಲಿ ಜೈಲು ಸೇರಿದರು.

ನಮ್ಮಲ್ಲಿ ಹೆಸರಿಲ್ಲದೆಯೇ ಇದು ನಡೆದಿತ್ತು. ಶಾಂತಿನಿಕೇತನದ ನಂದಲಾಲ್ ಬೋಸ್ ಶಿಷ್ಯರಿಗೂ ಸ್ನೇಹಿತರಿಗೂ ಕಾರ್ಡಿನಲ್ಲಿ ಚಿತ್ರ ಬರೆದು ಹಾಕುತ್ತಿದ್ದರು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ನಂದಲಾಲರ ಜೊತೆ ಕಲಿತವರೇ ನಮ್ಮ ಕೆ. ವೆಂಕಟಪ್ಪ. ಇನ್ನು ಅಂಚೆಯ ವಿಷಯಕ್ಕೆ ಬಂದರೆ, ಚಿಕ್ಕದೇವರಾಜ ಒಡೆಯರ ಕಾಲದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷರ ಅಂಚೆಯೊಳಗೆ ಸೇರಿತು. ಅದಕ್ಕೆ ಹತ್ತು ವರ್ಷ ಮೊದಲು, 1879ರಲ್ಲಿ, ಕಾಲಾಣೆಯ ಪೋಸ್ಟ್ ಕಾರ್ಡ್ ಭಾರತಕ್ಕೆ ಬಂದಿತ್ತು.

14 ಸೆಂಟಿಮೀಟರ್ ಅಗಲ, 9 ಸೆಂಟಿಮೀಟರ್ ಎತ್ತರ. ಮೇಷ್ಟ್ರ ಕ್ಯಾನ್ವಾಸ್ ಇಷ್ಟೇ. ಪೋಸ್ಟರ್ ಬಣ್ಣ ದಪ್ಪಗೆ ಬಳಿದರೆ ದಾರಿಯಲ್ಲಿ ಬಿರಿದು ಉದುರುತ್ತದೆ. ಪೆನ್ನಿನ ಶಾಯಿ ಒಂದು ಹನಿ ಮಳೆಗೆ ಹರಡಿಕೊಳ್ಳುತ್ತದೆ. ಅದಕ್ಕೇ ಒಣಗಿದ ಮೇಲೆ ಕದಡದ ಇಂಡಿಯನ್ ಇಂಕು. ತಮ್ಮದೇ ಮುದ್ರೆಯನ್ನು ಅವರು ಶಾಲೆ ಮಕ್ಕಳ ರಬ್ಬರಿನಲ್ಲಿ ಬ್ಲೇಡಿನಿಂದ ಕೆತ್ತುತ್ತಾರೆ. ಕನ್ನಡ ಅಕ್ಷರವನ್ನು ತಿರುವುಮುರುವಾಗಿ ಕೆತ್ತುವುದು ಸುಲಭವಲ್ಲ. 'ಯ' ಒಂದಕ್ಕೇ ಮೂರು ರಬ್ಬರು ಹಾಳಾದವಂತೆ. ಕೆಟ್ಟುಹೋದ ಆ ಮೂರೂ ಡಬ್ಬದಲ್ಲಿ ಜೋಪಾನವಾಗಿವೆ.

ವಾಟ್ಸ್ಆ್ಯಪ್‌ನಲ್ಲಿ ಫೋಟೋ ಕಳಿಸಬಹುದಲ್ಲ ಎಂದು ಮನೆಯವರು ಹೇಳುತ್ತಾರೆ. ಕಳಿಸಬಹುದು ನಿಜ. ಆದರೆ ಧಾರವಾಡದವರ ಬೆರಳಿನ ಮಸಿ ಅದರಲ್ಲಿ ಯಡಿಯೂರಿಗೆ ಬರುವುದಿಲ್ಲ. ಇತ್ತ ಅಂಚೆಯೂ ಬದಲಾಗುತ್ತಿದೆ. ನಮ್ಮಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು 2025ರ ಸೆಪ್ಟೆಂಬರಿನಲ್ಲಿ ಸ್ಪೀಡ್ ಪೋಸ್ಟಿಗೆ ಸೇರಿಸಿದರು. ಅದೇ ವರ್ಷದ ಕೊನೆಗೆ ಡೆನ್ಮಾರ್ಕಿನ ಅಂಚೆ ಸಂಸ್ಥೆ, ನಾನೂರು ವರ್ಷದ ವಾಡಿಕೆ ಮುಗಿಸಿ, ಮನೆಮನೆಗೆ ಕಾಗದ ಹಂಚುವುದನ್ನೇ ಬಿಟ್ಟಿತು. ನಮ್ಮ ಕಾರ್ಡಿನ ಮೇಲೆ ಅಂಥ ಕಣ್ಣು ಬೀಳದಿರಲಿ ಎಂಬುದು ನನ್ನ ಆಸೆ. ಕಲಾಶಾಲೆಯ ಮಕ್ಕಳು ವರ್ಷಕ್ಕೊಂದು ಕಾರ್ಡು ಬರೆದರೂ ಸಾಕು, ಈ ದಾರಿ ತೆರೆದಿರುತ್ತದೆ.

ಧಾರವಾಡದ ಗೆಳೆಯರಿಗೆ ಈಗ ಕೈ ನಡುಗುತ್ತದೆ. ಮಳೆಗಾಲಕ್ಕೆ ಮೊದಲು ಹೋದ ಕಾರ್ಡು ಇನ್ನೂ ಮರಳಿಲ್ಲ. ಮೇಷ್ಟ್ರು ಮತ್ತೊಂದು ಶುರುಮಾಡಿದ್ದಾರೆ: ಕೆರೆಯ ದಂಡೆ, ಒಂದು ಕಲ್ಲುಬೆಂಚು, ಅದರ ಎಡತುದಿಗೆ ಕುಳಿತ ಮುದುಕ. ಬೆಂಚು ಕಾರ್ಡಿನ ನಡುವಿಗೆ ಬಂದು ನಿಂತಿದೆ.

ಅಂಚೆ ಕಚೇರಿಯಲ್ಲಿ ಐದು ರೂಪಾಯಿ ಕೊಟ್ಟರೆ ಹತ್ತು ಕಾರ್ಡು ಸಿಗುತ್ತವೆ. ಒಂದರಲ್ಲಿ ಅರ್ಧ ಚಿತ್ರ ಬರೆದು, ದೂರದ ಗೆಳೆಯರಿಗೆ ಹಾಕಿ.